ಸರಾಸರಿ ಅಲೆಗೆ ಹಸಿರು ಬಾವುಟ

ಮಾನ್ಯ ಕಡಲತೀರ ಸುರಕ್ಷತಾ ಅಧಿಕಾರಿಗಳೇ,

ಕಳೆದ ಬುಧವಾರ ನೀವು ಹಸಿರು ಬಾವುಟ ಏರಿಸಿದ್ದ ಕಡಲಿನಲ್ಲಿ ಒಬ್ಬರ ತಲೆ ಬಂಡೆಗೆ ಬಡಿದು ಹನ್ನೊಂದು ಹೊಲಿಗೆ ಬಿದ್ದವು. ಅವರನ್ನು ದಡಕ್ಕೆ ಎಳೆದು ತಂದ ನನ್ನ ತಂಗಿಗೆ ಮರುದಿನವೇ ನಿಮ್ಮ ನೋಟಿಸ್ ಬಂತು. ‘ಹಸಿರು ಬಾವುಟವಿದ್ದಾಗ್ಯೂ ಕೂಗಾಡಿ ಪ್ರವಾಸಿಗರಲ್ಲಿ ಭೀತಿ ಹುಟ್ಟಿಸಿದ್ದು’ ಅವಳ ಅಪರಾಧ. ಸರ್ಫಿಂಗ್ ಕಲಿಸುವ ಅವಳ ಪರವಾನಗಿ ಅಮಾನತಾಗಿದೆ. ರದ್ದು ಮಾಡಬೇಕೇ ಎಂಬ ವಿಚಾರಣೆ ಸೋಮವಾರ. ಕೂಗಿದ್ದು ನಿಜ. ಪಿಸುಗುಟ್ಟಲು ಆ ಮನುಷ್ಯ ಅಷ್ಟು ಹತ್ತಿರ ಇರಲಿಲ್ಲ.

ನಿಮ್ಮ ಕಚೇರಿ ಬಾವುಟದ ಬಣ್ಣ ತೀರ್ಮಾನಿಸುವ ವಿಧಾನ ಜನರಿಗೂ ತಿಳಿಯಲಿ. ನಮ್ಮ ತೀರದಲ್ಲಿ ಅಲೆ ಮೂರು ಕಡೆ ಮೂರು ಬಗೆಯಾಗಿ ಒಡೆಯುತ್ತದೆ. ದಕ್ಷಿಣದ ಮೂಲೆಯಲ್ಲಿ, ಅಂದರೆ ನಿಮ್ಮ ಕಿಟಕಿಯ ಎದುರಿಗೆ, ಗುಡ್ಡದ ಮರೆಯಿದ್ದು ನೀರು ಬಲು ಸಾಧು. ಹೊಸಬರು ಹಲಗೆಯ ಮೇಲೆ ಎದ್ದು ನಿಲ್ಲಲು ಕಲಿಯುವುದು ಅಲ್ಲೇ. ನಡುವಿನ ಮರಳದಿಬ್ಬದ ಮೇಲೆ ಅಲೆ ಸೊಂಟದೆತ್ತರ ಎದ್ದು ಉದ್ದಕ್ಕೆ ಉರುಳುತ್ತದೆ. ಉತ್ತರದ ಬಂಡೆಸಾಲಿನಲ್ಲಿ ನೀರಿನ ಆಳ ಮೊಣಕಾಲಷ್ಟು, ಮೇಲೆ ಬೀಳುವ ಅಲೆ ಎರಡಾಳೆತ್ತರ. ಬುಧವಾರ ನಿಮ್ಮವರೇ ಅಳೆದಂತೆ ಮೂಲೆಯಲ್ಲಿ ಅರ್ಧ ಮೀಟರ್, ದಿಬ್ಬದಲ್ಲಿ ಒಂದು, ಬಂಡೆಯಲ್ಲಿ ಮೂರು. ಮೂರನ್ನೂ ಕೂಡಿಸಿ ಮೂರರಿಂದ ಭಾಗಿಸಿದಿರಿ: ಒಂದೂವರೆ ಮೀಟರ್. ಒಂದೂವರೆಯವರೆಗೆ ಹಸಿರು, ಇಡೀ ತೀರಕ್ಕೆ ಒಂದೇ ಬಾವುಟ! ಇಪ್ಪತ್ತೆರಡು ವರ್ಷದಿಂದ ಶಾಲೆಯಲ್ಲಿ ಲೆಕ್ಕ ಕಲಿಸುತ್ತಿರುವ ನಾನು ಈ ಭಾಗಾಕಾರಕ್ಕೆ ಪೂರ್ತಿ ಅಂಕ ಕೊಡಲೇಬೇಕು. ಆದರೆ ಆ ಒಂದೂವರೆ ಮೀಟರಿನ ಅಲೆ ಅಂದು ಕಡಲಿನಲ್ಲಿ ಎಲ್ಲಿತ್ತು, ತೋರಿಸುವಿರಾ?

ಗಾಯಗೊಂಡವರು ರಜೆಗೆ ಬಂದ ಬ್ಯಾಂಕ್ ಗುಮಾಸ್ತರು, ತಂಗಿಯ ಬಳಿ ಎರಡೇ ದಿನ ಕಲಿತವರು. ಹಲಗೆ ಹೊತ್ತು ಬಂಡೆಯತ್ತ ಹೊರಟಾಗ ಅವಳು ಅಡ್ಡ ನಿಂತಳು.

“ಸರ್, ಅಲ್ಲಿಗೆ ಬೇಡ. ಇವತ್ತು ನಾನೇ ಇಳಿಯಲ್ಲ.”

“ಬಾವುಟ ನೋಡಿ ಮೇಡಂ. ಸರ್ಕಾರಾನೇ ಹೋಗು ಅಂತಿದೆ, ನಿಮ್ಮದೇನು?”

“ಸರ್ಕಾರ ಬಂದು ಎತ್ಕೊಂಡು ಹೋಗಲ್ಲ ಸರ್. ನಾನೇ ಬರಬೇಕು.”

ಅವರು ನಕ್ಕು ಹೋದರು. ಹತ್ತೇ ನಿಮಿಷದಲ್ಲಿ, ದೂರ ಹೋಗಿದ್ದ ಅವರನ್ನು ಕೂಗಿ ಕರೆದು, ಅವರ ಬೆನ್ನಿಗೆ ಹೊರಟಿದ್ದವರನ್ನೆಲ್ಲ ಕೂಗಿ ತಡೆದು, ಅವಳು ನೀರಿಗೆ ಹಾರಬೇಕಾಯಿತು.

ಶುಕ್ರವಾರ ನಿಮ್ಮ ಕಚೇರಿಗೆ ಬಂದೆ. ನೀವು ಸಭೆಯಲ್ಲಿದ್ದಿರಿ. ದಿನಾ ಅಲೆ ಅಳೆಯುವ ನೌಕರ, ಊರವರ ಬಾಯಲ್ಲಿ ‘ಮೀಟರಣ್ಣ’, ಸಿಕ್ಕಿದ.

“ಮೂರನ್ನೂ ಬೇರೆಬೇರೆ ಬರೀಬಾರದೇನಪ್ಪಾ?”

“ಫಾರಂನಲ್ಲಿ ಖಾನೆ ಇರೋದೇ ಒಂದು ಮೇಷ್ಟ್ರೇ.”

“ಹಾಗಾದ್ರೆ ದೊಡ್ಡದನ್ನ ಬರಿ.”

“ಬರೀತಿದ್ದೆ, ಹೋದ ವರ್ಷದವರೆಗೂ. ಒಂದು ವಾರ ಪೂರ್ತಿ ಕೆಂಪು ಹಾರಿತು ನೋಡಿ, ಹೋಟೆಲಿನವರೆಲ್ಲ ಬಂದು ಸಾಹೇಬ್ರ ಮುಂದೆ ಕೂತ್ರು. ಈ ಸರಾಸರಿ ಹುಟ್ಟಿದ್ದೇ ಅವತ್ತು.”

ಈ ಪತ್ರದ ಮೊದಲ ಕರಡಿನಲ್ಲಿ ‘ನಿಮ್ಮ ಅಜ್ಞಾನ’ ಎಂದು ಬರೆದಿದ್ದೆ. ಮನೆಗೆ ಬಂದು ಆ ಪದವನ್ನು ಹೊಡೆದು ಹಾಕಿದೆ.

ಆದ್ದರಿಂದ ಕೇಳುತ್ತಿದ್ದೇನೆ: ಮೂರು ಕಡೆ ಮೂರು ಕಂಬ ನೆಡಿ, ಅಲ್ಲಲ್ಲಿಯ ಅಲೆಗೆ ಅಲ್ಲಲ್ಲಿಯ ಬಾವುಟ ಏರಿಸಿ. ನೋಟಿಸನ್ನು ಹಿಂಪಡೆಯಿರಿ. ಸೋಮವಾರ ಅಲೆ ಇನ್ನೂ ದೊಡ್ಡದಿರುತ್ತದೆಂದು ಹವಾಮಾನ ವರದಿ ಹೇಳುತ್ತಿದೆ. ತಂಗಿ ಅಂದು ನಿಮ್ಮ ಕಚೇರಿಗೆ ಬರುವುದಿಲ್ಲ, ಬಂಡೆಸಾಲಿನ ಬಳಿ ನಿಂತಿರುತ್ತಾಳೆ. ವಿಚಾರಣೆ ನಡೆಯಲೇಬೇಕೆಂದರೆ ನೀವೇ ಅಲ್ಲಿಗೆ ಬನ್ನಿ. ಪಾಚಿ ಕಟ್ಟಿದ ಜಾಗ, ಕಾಲು ಜಾರುತ್ತದೆ. ಜಾರಿದರೆ ಅವಳು ಕೈ ಹಿಡಿಯುತ್ತಾಳೆ; ನೋಟಿಸ್ ಕೊಟ್ಟವರು ಯಾರೆಂದು ನೋಡುವವಳಲ್ಲ.

ಇಂತಿ,
ಈಜು ಬಾರದೆ ದಡದಲ್ಲೇ ಉಳಿದ
ಒಬ್ಬ ಲೆಕ್ಕದ ಮೇಷ್ಟ್ರು