ಕಡಕ್ ರೊಟ್ಟಿ ಮತ್ತು ಮಂಜುಗಡ್ಡೆಯ ಹಡಗು

ಹ್ಯಾರಿಸನ್, ನ್ಯೂ ಜರ್ಸಿ
ಜನವರಿ 4

ಪ್ರೀತಿಯ ಹರ್ಷಿತಾ,

ಹೇಗಿದ್ದೀಯಮ್ಮ? ಹೊಟ್ಟೆ ತೊಳೆಸುವುದು ನಿಂತಿತೇ? ತಳ ದುಂಡಗಿರುವ ಹಡಗು, ತೆರೆದ ಸಮುದ್ರದಲ್ಲಿ ತೊಟ್ಟಿಲಿನಂತೆ ಹೊಯ್ದಾಡುತ್ತದೆ, ಮಂಜುಗಡ್ಡೆ ಸಿಕ್ಕ ಮೇಲೆಯೇ ಅದಕ್ಕೆ ಸಮಾಧಾನ ಎನ್ನುತ್ತಾರೆ ನಿಮ್ಮಪ್ಪ. ಶುಂಠಿ ಚೂರು ಬಾಯಲ್ಲಿಟ್ಟುಕೋ. ನಿನ್ನ ತಮ್ಮ ವೇದ್ ಚೆನ್ನಾಗಿದ್ದಾನೆ. ಏನು ಹೇಳಿದರೂ "ಐ ನೋ, ಅಮ್ಮಾ" ಅನ್ನುತ್ತಾನೆ, ಏನು ಗೊತ್ತೋ ದೇವರೇ ಬಲ್ಲ.

ನ್ಯೂಜಿಲೆಂಡಿನ ಬಂದರಿನಲ್ಲಿ ನನ್ನ ಜಾಗಕ್ಕೆ ಬದಲಿ ಇಂಜಿನಿಯರ್ ಸಿಗುತ್ತಾರೆ, ಅಲ್ಲೇ ಇಳಿದು ಅಪ್ಪನನ್ನು ನೋಡಲು ಬರಲೇ, ಇಲ್ಲವೇ ದಕ್ಷಿಣ ಧ್ರುವದ ಕಡೆ ಹೋಗಲೇ ಎಂದು ಕೇಳಿದ್ದೀಯಲ್ಲ. ಅವರಿಗೆ ಓದಿ ಹೇಳಿದೆ. ಆಸ್ಪತ್ರೆಯವರು ಇನ್ನು ಏನೂ ಮಾಡುವಂತಿಲ್ಲವೆಂದು ಮನೆಗೆ ಕಳಿಸಿದ ಮೇಲೆ ಅವರ ಮಂಚ ಕಿಟಕಿಯ ಬಳಿ ಇದೆ. "ಬ್ಯಾಡ ಅಂತ ಬರಿ," ಎಂದರು. "ಹಡಗಿನ ಕಡೀ ಟ್ರಿಪ್ ಐತಿ. ನಮ್ಮ ಮನ್ಯಾಗಿನವರು ಒಬ್ಬರರ ಅದರ ಮ್ಯಾಲೆ ಇರಬೇಕು."

ನೀನಿರುವ ಈ 'ವಿಂಟರ್ ಲ್ಯಾಂಟರ್ನ್' ಹಡಗಿನ, ಮಂಜುಗಡ್ಡೆ ಒಡೆಯುವ ಮುಂಭಾಗದ ನಕ್ಷೆ ಬರೆದವರು ಅವರೇ ತಾನೇ. ನೀನು ಚಿಕ್ಕವಳಿದ್ದಾಗ ಊಟಕ್ಕೆ ಕೂತು ಕಡಕ್ ಜೋಳದ ರೊಟ್ಟಿಯಲ್ಲಿ ತೋರಿಸುತ್ತಿದ್ದರು. ಚಾಕು ಹಾಕಿ ಕೊಯ್ಯಲು ಹೋದರೆ ಪುಡಿಯಾಗುತ್ತಿತ್ತು, ಸೌಟಿನ ಬೆನ್ನಿನಿಂದ ಒತ್ತಿದರೆ ಲಟಕ್ಕನೆ ಮುರಿಯುತ್ತಿತ್ತು. "ಹಡಗ ಮಂಜುಗಡ್ಡಿ ಕೊಯ್ಯಂಗಿಲ್ಲವ್ವಾ, ಮ್ಯಾಲೆ ಏರಿ ಕುಂದರತೈತಿ. ತನ್ನ ಭಾರಕ್ಕ ಮುರೀತೈತಿ." ನನ್ನ ರೊಟ್ಟಿಗಳೆಲ್ಲ ಅವರ ಪಾಠಕ್ಕೇ ಖರ್ಚಾಗುತ್ತಿದ್ದವು. ಒಮ್ಮೆ ಹಡಗಿನ ಪ್ರೊಪೆಲರ್ ಮುರಿದು ಕುಂಟುತ್ತ ಬಂದಾಗ, ಆ ಭಾಗ ತಮ್ಮದಲ್ಲದಿದ್ದರೂ ಸರಿಯಾಗಿ ಊಟ ಮಾಡಲಿಲ್ಲ. ಇನ್ನೊಮ್ಮೆ ಹಿಮದಲ್ಲಿ ಸಿಕ್ಕಿಬಿದ್ದು, ಒಂದು ಬದಿಯ ಟ್ಯಾಂಕಿನ ನೀರನ್ನು ಇನ್ನೊಂದು ಬದಿಗೆ ಹಾಯಿಸಿ, ಅತ್ತಿತ್ತ ಓಲಾಡಿ ಬಿಡಿಸಿಕೊಂಡಿತು. ಆ ಟ್ಯಾಂಕುಗಳು ಬೇಕೇಬೇಕೆಂದು ಹಟ ಹಿಡಿದವರು ಇವರು. ಅಂದು ಆಫೀಸಿಗೆಲ್ಲ ಪೇಡೆ ಹಂಚಿದರು. ಅಷ್ಟು ವರ್ಷ ಧ್ರುವದ ಸಂಶೋಧನಾ ಠಾಣೆಯವರಿಗೆ ಅನ್ನ, ಎಣ್ಣೆ ಮುಟ್ಟಲು ದಾರಿ ಮಾಡಿಕೊಟ್ಟ ಹಡಗನ್ನು ಈ ಸಲ ವಾಪಸಾದ ಮೇಲೆ ಗುಜರಿಗೆ ಹಾಕಿ ಒಡೆಯುತ್ತಾರಂತೆ. ಕೇಳಿ ನನಗೂ ಸಂಕಟವಾಯಿತು. ದಿನಾ ಬೆಳಿಗ್ಗೆ "ಎಲ್ಲೈತಿ ಈಗ?" ಎಂದು ಕೇಳುತ್ತಾರೆ, ನಾನು ಫೋನಿನ ನಕಾಶೆಯಲ್ಲಿ ನೋಡಿ ಹೇಳುತ್ತೇನೆ.

ಆದ್ದರಿಂದ ಧೈರ್ಯವಾಗಿ ಹೋಗು. ಎಂಜಿನ್ ರೂಮಿನಲ್ಲಿ ಕಿವಿ ಜೋಪಾನ. ನಿಮ್ಮಪ್ಪನ ವಿಭೂತಿಯ ಕೈ ನಿನ್ನ ಹಣೆಯ ಮೇಲಿದೆ ಎಂದುಕೋ. ಶಿವ ಕಾಯಲಿ.

ನಿನ್ನ ಅಮ್ಮ,
ಸುಪ್ರಿಯಾ

ತಾ.ಕ.: ಇಲ್ಲಿಯವರೆಗೆ ಬರೆದದ್ದನ್ನು ಅವರಿಗೆ ಓದಿದೆ. ಸಮಾಧಾನದಿಂದ ನಿದ್ದೆ ಹೋಗಿದ್ದಾರೆ. ವೇದ್ ಈ ಕಾಗದದ ಫೋಟೋ ತೆಗೆದು ನಿನಗೆ ಕಳಿಸುವ ಮೊದಲು ಅವಸರದಲ್ಲಿ ಇಷ್ಟು ಬರೆಯುತ್ತಿದ್ದೇನೆ. ಇವತ್ತು ಬೆಳಿಗ್ಗೆ ಕಡಕ್ ರೊಟ್ಟಿ ಕೇಳಿದರು. ಸೌಟು ಹಿಡಿದು ಒತ್ತಿದರು, ಮತ್ತೆ ಒತ್ತಿದರು. ರೊಟ್ಟಿ ಮುರಿಯಲಿಲ್ಲ. ನನ್ನ ಮುಖ ನೋಡಿ ನಕ್ಕರು. ನಾನೇ ಮುರಿದು ಹಾಲಿನಲ್ಲಿ ನೆನೆಸಿ ತಿನ್ನಿಸಿದೆ. ಹಡಗನ್ನು ಬೇರೆಯವರೂ ನಡೆಸುತ್ತಾರೆ. ನೀನು ಬಂದರಿನಲ್ಲೇ ಇಳಿದು ಬಾ, ಮಗಳೇ.