ಬೀಗ ಹಾಕಿದ ಕಣ, ಹುರುಳಿ ಹಾಸಿದ ರಸ್ತೆ

ಬೀಗದ ಕೈ ಇಟ್ಟುಕೊಂಡಿರುವ ಮಾನ್ಯ ಅಧಿಕಾರಿಗಳೇ,

ನಮ್ಮೂರ ಒಕ್ಕಣೆಯ ಕಣಕ್ಕೆ ನೀವು ಬೀಗ ಹಾಕಿ ಎರಡು ವರ್ಷವಾಯಿತು. ಅದನ್ನು ತೆಗೆಯಿರಿ. ಹೇಳಬೇಕಾದದ್ದು ಇಷ್ಟೇ. ಇದನ್ನೇ ಚಿಕ್ಕದಾಗಿ ಅರ್ಜಿ ಬರೆದುಕೊಟ್ಟಾಗ ನೀವು ಓದಲಿಲ್ಲ, ಅದಕ್ಕೆ ಈಗ ಪತ್ರಿಕೆಯಲ್ಲಿ ಉದ್ದಕ್ಕೆ ಬರೆಯುತ್ತಿದ್ದೇನೆ. ಐದನೇ ಕ್ಲಾಸಿಗೆ ಶಾಲೆ ಬಿಟ್ಟವನು ನಾನು. ತಪ್ಪಿದ್ದರೆ ತಿದ್ದಿ, ಆ ನೆಪದಲ್ಲಾದರೂ ಓದಿದ ಹಾಗಾಗುತ್ತದೆ.

ಆ ಜಾಗ ಮೊದಲೂ ಕಣವೇ. ಸಗಣಿ ಸಾರಿಸಿ ಇಡೀ ಊರು ಅಲ್ಲೇ ಒಕ್ಕುತ್ತಿತ್ತು. ಮಣ್ಣಿನದು ಬೇಡ, ಸಿಮೆಂಟಿನದು ಕಟ್ಟಿಕೊಡುತ್ತೇವೆ ಎಂದು ನೀವೇ ಬಂದಿರಿ. ಕಟ್ಟಿದಿರಿ, ಸುಳ್ಳಲ್ಲ. ಸುತ್ತ ತಂತಿ ಬೇಲಿ, ಕಬ್ಬಿಣದ ಗೇಟು, ಪಕ್ಕದಲ್ಲಿ ಬಟ್ಟೆ ಮುಚ್ಚಿದ ಉದ್ಘಾಟನೆಯ ಕಲ್ಲು. ಆಮೇಲೆ ಬೀಗ. ಬಟ್ಟೆ ಬಿಸಿಲಿಗೆ ಹರಿಯಿತು. ಬೇಲಿ ನುಸುಳಿದ ಬೀದಿನಾಯಿ ಅಲ್ಲಿ ಎರಡು ಸಲ ಮರಿ ಹಾಕಿತು. ಉದ್ಘಾಟನೆ ಎಂದರೆ ಇನ್ನೇನು, ನನಗೆ ತಿಳಿಯದು.

ಹೋದ ವರ್ಷ ಹುರುಳಿ ಕೀಳುವ ಮೊದಲು ನಿಮ್ಮ ಕಚೇರಿಗೆ ಬಂದಿದ್ದೆ. ಮೂರು ಸಲ ಅಟೆಂಡರು "ಸಾರ್ ಕ್ಯಾಂಪುಕು ಪೋಯಿನಾರು" ಎಂದು ವಾಪಸು ಕಳಿಸಿದ. ನಾಲ್ಕನೆಯ ಸಲ ನೀವು ಕ್ಯಾಂಪಿನಿಂದ ಬಂದಿದ್ದಿರಿ. "ಉದ್ಘಾಟನೆಗೆ ದೊಡ್ಡೋರ ಡೇಟ್ ಸಿಕ್ಕಿಲ್ಲ ಪೆದ್ದಾಯನಾ. ರೋಡ್ ಐತಲ್ಲ, ಅಡ್ಜಸ್ಟ್ ಮಾಡ್ಕೊಳ್ಳಿ" ಎಂದಿರಿ, ತೆಲುಗಿನಲ್ಲಿ ನನ್ನನ್ನು ಹಿರಿಯನೆಂದು ಕರೆದು. ನೆನಪಿದೆಯೇ? ಇರಲಿಕ್ಕಿಲ್ಲ.

ಅಡ್ಜಸ್ಟ್ ಮಾಡಿಕೊಂಡೆವು. ಎಲ್ಲರೂ ಅಮರಾಪುರದ ಟಾರು ರಸ್ತೆಗೆ ಹುರುಳಿ ಹಾಸಿದರು, ನಾನೂ ಹಾಸಿದೆ. ಬಸ್ಸು, ಲಾರಿ ಹರಿದಷ್ಟೂ ಕಾಯಿ ಒಡೆದು ಕಾಳು ಬಿಡುತ್ತದೆ. ಮಾರನೆಯ ಬೆಳಿಗ್ಗೆ ನಾನು, ನನ್ನ ಹೆಂಡತಿ ಉಜ್ಜಿನಮ್ಮ ಅದೇ ರಸ್ತೆಯಲ್ಲಿ ಮೋಟರ್ ಸೈಕಲಿನಿಂದ ಬಿದ್ದೆವು. ನನ್ನ ಎಡಗಾಲು ಎರಡು ಕಡೆ ಮುರಿಯಿತು, ಅವಳ ಬಲಗೈ ಮಣಿಕಟ್ಟು ಹೋಯಿತು. ಲಾರಿ ಗುದ್ದಿತು ಎಂದು ಆಸ್ಪತ್ರೆಯಲ್ಲಿ ಬರೆಸಿದೆ. ಬಂಧುಗಳಿಗೆ ಆ ಲಾರಿಯ ಬಣ್ಣವನ್ನೂ ಹೇಳಿದೆ.

ಹನ್ನೊಂದು ತಿಂಗಳಾಯಿತು. ಮೂಳೆ ಕೂಡಿದೆ, ಮೂರು ಕಾಲ್ಬೆರಳಿಗೆ ಮಾತ್ರ ಅರಿವಿಲ್ಲ. ಇರುವೆ ಕಚ್ಚಿದರೂ ಕಣ್ಣಿಂದ ನೋಡಿದ ಮೇಲೆಯೇ ತಿಳಿಯುವುದು. ಮೊದಲೆಲ್ಲ ಎದ್ದ ಕೂಡಲೇ ಸಿಟ್ಟು ಬರುತ್ತಿತ್ತು; ಈಗ ಅದೂ ಆ ಬೆರಳುಗಳ ಹಾಗೆಯೇ ಬಿದ್ದುಕೊಂಡಿದೆ. ಉಜ್ಜಿನಮ್ಮ ಎಡಗೈಯಲ್ಲಿ ಮುದ್ದೆ ಕಟ್ಟುತ್ತಾಳೆ. ಮುದ್ದೆ ಒಂದು ಕಡೆ ವಾಲಿರುತ್ತದೆ, ಒಳಗೆ ಗಂಟು. ಇಬ್ಬರೂ ಗಂಟು ಒಡೆದುಕೊಂಡು ಉಣ್ಣುತ್ತೇವೆ.

ಮೋಟರ್ ಸೈಕಲು ಹತ್ತು ತಿಂಗಳು ದನದ ಕೊಟ್ಟಿಗೆಯಲ್ಲಿತ್ತು. ಕೊನೆಗೆ ಬಿಚ್ಚಿದ್ದು ಮಡಕಶಿರಾದ ಮೆಕ್ಯಾನಿಕ್ ಮುತ್ತುರಾಜ್. ಮುಂದಿನ ಚಕ್ರದ ಫೋರ್ಕ್ ಬಾಗಿತ್ತು, ಹ್ಯಾಂಡಲ್ ತಿರುಚಿಕೊಂಡಿತ್ತು. ಚೈನ್ ಕವರ್ ತೆಗೆದವನು ನನ್ನ ಮುಖ ನೋಡಿದ.

"ಲಾರಿ ಗುದ್ತು ಅಂದ್ಯಲ್ಲಣ್ಣ?"

"ಹೂಂ."

"ಆ ಲಾರಿ ಮೈಗೆಲ್ಲಾ ಹುಳ್ಳಿ ಬಳ್ಳಿ ಸುತ್ಕೊಂಡು ಬಂದಿತ್ತಾ?"

ಚೈನಿಗೂ ಹಿಂದಿನ ಚಕ್ರಕ್ಕೂ ಒಣ ಬಳ್ಳಿ ಹಗ್ಗ ಹೊಸೆದ ಹಾಗೆ ಸುತ್ತಿಕೊಂಡಿತ್ತು. ಕತ್ತರಿ ಹಾಕಿ ತೆಗೆದ. ಒಂದು ಹಿಡಿ ಕಾಳು ಉದುರಿತು. "ತಗಳಣ್ಣ, ನಿನ್ ಬೆಳೆ. ಸಾರಿಗಾಯ್ತದೆ" ಎಂದು ಕೈಗೆ ಹಾಕಿದ. ಹಳೆಯ ನಾನಾಗಿದ್ದರೆ ಅವನದೇ ಪಾನಾ ಎತ್ತಿಕೊಂಡು ಹೊಡೆಯಲು ಹೋಗುತ್ತಿದ್ದೆ. ಕಾಳು ಜೇಬಿಗೆ ಹಾಕಿಕೊಂಡು ಬಂದೆ.

ಹೌದು, ಲಾರಿ ಇರಲಿಲ್ಲ. ರಸ್ತೆಯ ಇನ್ನೊಂದು ಬದಿ ಖಾಲಿಯೇ ಇತ್ತು. ಉಜ್ಜಿನಮ್ಮ "ಆ ಕಡೆಯಿಂದ ಹೋಗು" ಎಂದಳು. ನಾನು "ನಮ್ದೇ ಹುಳ್ಳಿ ಕಣೇ, ನಮ್ ಚಕ್ರನೂ ಒಂದ್ಸಲ ಹರೀಲಿ" ಎಂದು ಅದರ ಮೇಲೆಯೇ ಬಿಟ್ಟೆ. ಬಳ್ಳಿ ಚಕ್ರ ಹಿಡಿಯಿತು. ಹನ್ನೊಂದು ತಿಂಗಳು ನಾನು ಲಾರಿಯನ್ನು ಬೈಯುವುದನ್ನು ಅವಳು ಪಕ್ಕದಲ್ಲೇ ಕೂತು ಕೇಳಿದಳು.

ಮುದುಕ ತಪ್ಪು ಒಪ್ಪಿಕೊಂಡ, ಫೈಲು ಮುಗಿಯಿತು ಎಂದು ನೆಮ್ಮದಿಯಾಗಬೇಡಿ. ನನ್ನ ತಪ್ಪು ಊರ ಮುಂದೆ ಬರೆದಿದ್ದೇನೆ. ನಿಮ್ಮದು ಎಲ್ಲಿ ಬರೆದಿದೆ? ಇದ್ದ ಕಣವನ್ನು ಕಿತ್ತುಕೊಂಡು ರಸ್ತೆ ತೋರಿಸಿದವರು ಯಾರು? ದೊಡ್ಡವರೊಬ್ಬರು ಬಂದು ರಿಬ್ಬನ್ ಕತ್ತರಿಸುವವರೆಗೆ ಸಿಮೆಂಟು ಗಟ್ಟಿಯಾಗುವುದಿಲ್ಲವೇ? ಕತ್ತರಿಯೇ ಬೇಕೆಂದರೆ ಮುತ್ತುರಾಜನ ಹತ್ತಿರ ಇದೆ, ಚೆನ್ನಾಗಿ ಕತ್ತರಿಸುತ್ತದೆ.

ಗಾಡಿ ಈಗ ಒಂದೇ ಒದೆತಕ್ಕೆ ಸ್ಟಾರ್ಟ್ ಆಗುತ್ತದೆ. ಬೆರಳಿಗೆ ಅರಿವಿಲ್ಲವೆಂದು ಹಿಮ್ಮಡಿಯಲ್ಲೂ ತುಳಿಯುವಂಥ ಗೇರ್ ರಾಡ್ ಮುತ್ತುರಾಜ ಹಾಕಿಕೊಟ್ಟಿದ್ದಾನೆ. ಹಿಂದಿನ ಸೀಟು ಮಾತ್ರ ಖಾಲಿ. "ರೋಡಿಗೆ ಹುಳ್ಳಿ ಹಾಸೋದು ನಿಲ್ಲಲಿ, ಆಮೇಲೆ ಹತ್ತೀನಿ" ಎಂದಿದ್ದಾಳೆ ಉಜ್ಜಿನಮ್ಮ. ಅವಳ ಮಾತು ಒಂದು ಸಲ ಮೀರಿ ನೋಡಿದ್ದೇನೆ.

ಹೊಲದಲ್ಲಿ ಹುರುಳಿ ಕಾಯಿ ಕಟ್ಟಿದೆ. ಇನ್ನು ಮೂರು ವಾರಕ್ಕೆ ಕೀಳುತ್ತೇವೆ. ಅಷ್ಟರೊಳಗೆ ಬೀಗ ತೆಗೆಯಿರಿ. ಉದ್ಘಾಟನೆ ಆಮೇಲೆ ಮಾಡಿಕೊಳ್ಳಿ, ನಾಲ್ಕು ಸಲ ಮಾಡಿಕೊಳ್ಳಿ, ಚಪ್ಪಾಳೆಗೆ ನಾವೇ ಬರುತ್ತೇವೆ. ತೆಗೆಯದಿದ್ದರೆ ಧರಣಿ ಗಿರಣಿ ಮಾಡುವವನಲ್ಲ ನಾನು. ಅಷ್ಟು ಹೊತ್ತು ನಿಲ್ಲಲು ಕಾಲಿಲ್ಲ. ಎಲ್ಲರ ಹಾಗೆ ಈ ಸಲವೂ ರಸ್ತೆಗೇ ಹಾಸುತ್ತೇನೆ, ಬೇರೆ ಜಾಗವಿಲ್ಲ. ಉಜ್ಜಿನಮ್ಮ ತನ್ನ ತಂಗಿಯ ಊರಿಗೆ ನನ್ನ ಗಾಡಿ ಬಿಟ್ಟು ಬಸ್ಸಿನಲ್ಲೇ ಹೋಗುತ್ತಾಳೆ. ಕ್ಯಾಂಪಿಗೆ ಹೋಗುವಾಗ ನಿಮ್ಮ ಜೀಪು ಆ ದಾರಿಯಲ್ಲಿ ಬಂದರೆ, ನಿಧಾನ ಬನ್ನಿ.

ಇಂತಿ,
ಅಡ್ಜಸ್ಟ್ ಮಾಡಿಕೊಂಡವನು,
ಕದರಪ್ಪ