ಅತ್ತೆಯ ಸೊಂಟದ ಏಳು ಬೀಗದ ಕೈ

ಅತ್ತೆ, ನಿಮ್ಮ ಎಕ್ಸ್‌ರೇ ಅಳಿಯನ ನಮಸ್ಕಾರ.

ಎಐಗೆ ಎಕ್ಸ್‌ರೇ ಓದಲು ಕಲಿಸುವ ತರಬೇತಿ ಇಲ್ಲಿ ಜೋರಾಗಿದೆ. ನಮ್ಮ ಆಸ್ಪತ್ರೆಯೂ ಸೇರಿ ನೂರಾರು ಕಡೆಯಿಂದ ಬಂದ ಚಿತ್ರಗಳನ್ನು ಹೆಸರು ಅಳಿಸಿ ತೋರಿಸುತ್ತಾರೆ. ನಿನ್ನೆ ದೊಡ್ಡ ಡಾಕ್ಟರು, "ಇದು ಯಾರದ್ದು ಅಂತ ಆ ಬ್ರಹ್ಮನಿಗೂ ಗೊತ್ತಾಗಲ್ಲ" ಎನ್ನುತ್ತ ಒಂದು ಸೊಂಟ ತೋರಿಸಿದರು. ಪಕ್ಕದಲ್ಲೇ ಏಳು ಬೀಗದ ಕೈಗಳ ಗೊಂಚಲು! ಅವತ್ತು ನಿಮ್ಮ ಎಕ್ಸ್‌ರೇ ತೆಗೆಯುವಾಗ ನಾನು ಎಷ್ಟು ಗೋಗರೆದರೂ ನೀವು ಬಿಚ್ಚಿಡಲಿಲ್ಲವಲ್ಲ, ಅದೇ. "ಅಯ್ಯೋ, ನಮ್ಮತ್ತೆ!" ಎಂದು ಕೂಗಿಬಿಟ್ಟೆ. ಇಡೀ ಸಭೆ ಗೊಳ್ಳೆಂದು ನಕ್ಕಿತು.

ಯಾರದ್ದೆಂದು ಗೊತ್ತಾದ ಮೇಲೆ ಈಗ ನಿಮ್ಮ ಒಪ್ಪಿಗೆಯಿಲ್ಲದೆ ಅದನ್ನು ಬಳಸುವಂತಿಲ್ಲವಂತೆ. ಹೂಂ ಅಥವಾ ಊಹೂಂ, ಒಂದು ಮಾತು ಬರೆದು ಹಾಕಿ. ಸೊಂಟನೋವಿನ ಮಾತ್ರೆ ತಪ್ಪಿಸಬೇಡಿ. ಊಟಕ್ಕೆ ಕರೆಯುತ್ತಿದ್ದಾರೆ, ನಿಲ್ಲಿಸುತ್ತೇನೆ.

ಇಂತಿ,
ಎಐ ಕೂಡ ಬಾಯಿಬಿಡದ ಗುಟ್ಟನ್ನು ರಟ್ಟು ಮಾಡಿದ
ನಿಮ್ಮ ಅಳಿಯ